ಹುಲಿಗೆ ಕಾಡು, ಮನುಷ್ಯನಿಗೆ ಗೇಟು?

1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಕುಡಿದರು. ಆ ಕೆರೆಗೆ ದನ ಇಳಿಯಬಹುದಿತ್ತು, ನಾಯಿ ಇಳಿಯಬಹುದಿತ್ತು, ನಮ್ಮವರು ಮಾತ್ರ ಇಳಿಯೋ ಹಾಗಿರಲಿಲ್ಲ. ಕಾಡಿನ ಗೇಟಿನ ಮುಂದೆ ನಿಂತಾಗಲೆಲ್ಲ ನಮಗೆ ಆ ಕೆರೆ ನೆನಪಾಗುತ್ತೆ.

ಕಾಡು ಉಳಿಯಬೇಕು, ಹುಲಿ ಆನೆ ಉಳಿಯಬೇಕು. ಇದರಲ್ಲಿ ನಮಗೆ ಎರಡು ಮಾತಿಲ್ಲ. 1972ರ ವನ್ಯಜೀವಿ ಕಾಯ್ದೆಯನ್ನು ನಾವು ಬೇಡ ಅಂದವರಲ್ಲ. ನಮ್ಮ ಪ್ರಶ್ನೆ ಒಂದೇ: ಕಾಡು ಉಳಿಸೋ ಹೆಸರಲ್ಲಿ ಹೊರಗೆ ಹಾಕಿದ್ದು ಯಾರನ್ನ?

ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. 1974ರಲ್ಲಿ ಅದು ಅಭಯಾರಣ್ಯವಾಯಿತು. ಕಾಡಿನೊಳಗಿದ್ದ ಸೋಲಿಗರ ಎಷ್ಟೋ ಪೋಡುಗಳನ್ನು ಎತ್ತಿ ಬೇರೆ ಕಡೆ ಹಾಕಿದರು. ಅವರು ಒಣ ತರಗಿಗೆ ಇಡುತ್ತಿದ್ದ ಸಣ್ಣ ಬೆಂಕಿಯನ್ನು ಅಪರಾಧ ಅಂದರು. ಬೆಂಕಿ ನಿಂತ ಮೇಲೆ ಲಂಟಾನ ಬೆಟ್ಟವನ್ನು ನುಂಗಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು ಅಂತ ಹಿರಿಯರು ಹೇಳ್ತಾನೇ ಬಂದರು. ಸಂಶೋಧಕರ ಕಿವಿಗೆ ಆ ಮಾತು ಬಿದ್ದದ್ದು ಬಹಳ ತಡವಾಗಿ. 2006ರ ಹೊತ್ತಿಗೆ ನೆಲ್ಲಿ, ಜೇನು, ಪಾಚಿ ಕೊಯ್ದು ಮಾರೋದಕ್ಕೂ ಕಲ್ಲು ಬಿತ್ತು. ರಂಗನಾಥನನ್ನೇ ಭಾವ ಅಂತ ಕರೆಯೋ ಜನ ರಂಗನ ಬೆಟ್ಟದಲ್ಲೇ ಕಳ್ಳರಾದರು!

ಸೋಲಿಗರು ಕೈಕಟ್ಟಿ ಕೂರಲಿಲ್ಲ. ಸಂಘ ಕಟ್ಟಿದರು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಗ್ರಾಮಸಭೆಯಲ್ಲಿ ಅರ್ಜಿ ಹಾಕಿದರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅವರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರವೂ ಬಂತು. ದೇಶದ ಹುಲಿ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಇವತ್ತು ಅಲ್ಲಿ ಹುಲಿಯೂ ಇದೆ, ಸೋಲಿಗರೂ ಇದ್ದಾರೆ.

ನಮ್ಮ ಕೇರಿಗೆ ಇದರಿಂದ ಏನಾಗಬೇಕು ಅಂತೀರಾ? ಕಾಡಂಚಿನಲ್ಲಿ ದಲಿತರೂ ಇದ್ದಾರೆ. ಕಾಯ್ದೆ ಪ್ರಕಾರ ಅವರು 'ಇತರೆ ಪಾರಂಪರಿಕ ಅರಣ್ಯವಾಸಿಗಳು'. 13 ಡಿಸೆಂಬರ್ 2005ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. 1930ರಲ್ಲಿ ನಮ್ಮ ತಾತನ ಕೈಗೆ ಯಾವ ಶಾನುಭೋಗ ಕಾಗದ ಕೊಟ್ಟಿದ್ದ?

ಆದರೆ ಕಾಯ್ದೆಯ ನಿಯಮ 13 ಓದಿ. ಅರ್ಜಿದಾರರಲ್ಲದ ಹಿರಿಯರ ಮಾತನ್ನು ಬರೆದುಕೊಟ್ಟರೆ ಅದೂ ಸಾಕ್ಷಿ. ಹಳೇ ಮನೆ, ಬದು, ವಂಶಾವಳಿ ಇವೂ ಸಾಕ್ಷಿ. ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೆ.

ಹಾಸ್ಟೆಲ್ ಗೆಳೆಯರೇ, ಈ ರಜೆಗೆ ಊರಿಗೆ ಹೋಗುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಜ್ಜ ಅಜ್ಜಿಯರ ಹತ್ತಿರ ಕೂತು ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆದುಕೊಳ್ಳಿ, ಹೆಬ್ಬೆಟ್ಟು ಹಾಕಿಸಿ. ಪೋಡಿಗೆ ಹೋಗಿ, ಹಾಡಿಗೆ ಹೋಗಿ. ಭಾಷಣ ಬೇಡ, ಅರ್ಜಿ ಬರೆದುಕೊಡಿ. ನಮ್ಮವರು ಹೊಟ್ಟೆ ಕಟ್ಟಿ ನಮಗೆ ಕಲಿಸಿದ ನಾಲ್ಕು ಅಕ್ಷರ ಅವರ ನೆಲ ಉಳಿಸದಿದ್ದರೆ ಇನ್ಯಾತಕ್ಕೆ?

ಜೈ ಭೀಮ್.