ಫಿಲ್ಟರ್ ಬಿಸಾಕೋದ್ಯಾಕೆ, ಮರಳು ಬದಲಾಯಿಸಿ

ನಮ್ಮ ಅಪಾರ್ಟ್‌ಮೆಂಟಿನ ಸ್ವಿಮ್ಮಿಂಗ್ ಪೂಲ್ ನೀರು ಹದಿನೈದು ದಿನದಿಂದ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿದೆ. ಫಿಲ್ಟರ್ ಹೋಗಿದೆ, ಹೊಸದು ಹಾಕಿಸ್ಬೇಕು, ಮನೆಗಿಷ್ಟು ಕೊಡಿ ಅಂತ ಅಸೋಸಿಯೇಷನ್ನಿಂದ ಚೀಟಿ ಬಂದಿದೆ. ನಾನಂತೂ ಬೇಡ ಅಂತೀನಿ ಕಣ್ರೀ. ಯಾಕೆ ಅಂತ ಕೇಳಿ.

ಆ ಫಿಲ್ಟರ್ ಏನೂ ಮಾಯಾಪೆಟ್ಟಿಗೆ ಅಲ್ಲ. ಗುಡಾಣದಂಥ ಡ್ರಮ್ಮು, ಒಳಗೆ ಮರಳು, ತಳದಲ್ಲಿ ಸಣ್ಣ ಸೀಳಿರೋ ಪೈಪುಗಳು. ನೀರು ಮೇಲಿಂದ ಇಳಿಯುವಾಗ ಕೊಳೆ ಮರಳಲ್ಲಿ ಸಿಕ್ಕೊಳ್ಳುತ್ತೆ. ಐದಾರು ವರ್ಷ ಆದ್ಮೇಲೆ ಮರಳಿನ ಚೂಪು ಸವೆಯುತ್ತೆ, ಮೈಯೆಣ್ಣೆ ಜಿಡ್ಡಿಗೆ ಗಂಟು ಕಟ್ಟುತ್ತೆ, ನೀರು ಸಂದಿ ಮಾಡ್ಕೊಂಡು ಸೋಸದೇ ಓಡುತ್ತೆ. ಆಗ ಹೋಗಿರೋದು ಮರಳು, ಡ್ರಮ್ಮಲ್ಲ. ಕಾಫಿ ಫಿಲ್ಟರಿನ ಚರಟ ಬಿಸಾಕ್ತೀವೇ ಹೊರತು ಫಿಲ್ಟರನ್ನೇ ಬಿಸಾಕ್ತೀವಾ?

ಪೂಲಿನ ತಳದಲ್ಲಿ ಮರಳು ಕಂಡರೆ ಒಳಗಿನ ಪೈಪ್ ಮುರಿದಿರುತ್ತೆ, ಅದನ್ನಷ್ಟೇ ಬದಲಾಯಿಸ್ಬಹುದು. ವಾಲ್ವಿನ ರಬ್ಬರ್ ಹೋದರೆ ಕೊಳೆ ನೀರು ಸೋಸದೇ ವಾಪಸ್ ಬರುತ್ತೆ, ಅದೂ ಸಣ್ಣ ರಿಪೇರಿನೇ. ಡ್ರಮ್ಮೇ ಬಿರುಕು ಬಿಟ್ಟಿದ್ರೆ ಹೊಸದು ಹಾಕಿಸಿ, ನಾನೇ ಮೊದಲು ದುಡ್ಡು ಕೊಡ್ತೀನಿ. ಇನ್ನು ಕ್ಲೋರಿನ್ ಕಮ್ಮಿಯಾದ್ರೂ, ಪಿಎಚ್ 7.2ರಿಂದ 7.8ರೊಳಗೆ ಇಲ್ಲದಿದ್ರೂ ನೀರು ಮಬ್ಬಾಗುತ್ತೆ. ಆಗ ಎಷ್ಟು ಹೊಸ ಫಿಲ್ಟರ್ ತಂದ್ರೂ ಅಷ್ಟೇ.

ನನಗೆ ದುಡ್ಡಿಗಿಂತ ಹೆಚ್ಚು ಸಂಕಟ ನೀರಿನದು. "ಎಲ್ಲಾ ಖಾಲಿ ಮಾಡಿ ಹೊಸದಾಗಿ ತುಂಬೋಣ" ಅಂತಾನೂ ಮಾತು ನಡೀತಿದೆ. 10 ಮೀಟರ್ ಉದ್ದ, 5 ಮೀಟರ್ ಅಗಲ, 1.2 ಮೀಟರ್ ಆಳ ಅಂದ್ರೆ 60,000 ಲೀಟರ್. 6,000 ಲೀಟರಿನ ಹತ್ತು ಟ್ಯಾಂಕರ್! 2024ರ ಮಾರ್ಚಿನಲ್ಲಿ ಬೆಂಗಳೂರಲ್ಲಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಾವು ಕಾವೇರಿ ಪಕ್ಕದಲ್ಲೇ ಇದೀವಿ ಅಂತ ಚರಂಡಿಗೆ ಸುರಿಯೋದು ನ್ಯಾಯವಾ?

ಮೀಟಿಂಗಿಗೆ ಗಂಡಸರು ಹೋಗ್ತಾರೆ, ದುಡ್ಡು ಮಾತ್ರ ನಮ್ಮ ತಿಂಗಳ ಖರ್ಚಿನಿಂದಲೇ ಹೋಗೋದು. ಈ ಭಾನುವಾರ ನಾವೂ ಹೋಗೋಣ. ಮೂರೇ ಪ್ರಶ್ನೆ ಕೇಳಿ: ಮರಳು ಬದಲಾಯಿಸಿ ಎಷ್ಟು ವರ್ಷ ಆಯ್ತು? ಡ್ರಮ್ಮು ತೆಗೆದು ನೋಡಿದವರು ಯಾರು? ಫಿಲ್ಟರ್ ಶುದ್ಧವಾಗಿದ್ದಾಗ ಪ್ರೆಶರ್ ಗೇಜು ಎಷ್ಟು ತೋರಿಸ್ತಿತ್ತು? ಅದಕ್ಕಿಂತ 8–10 ಪಿಎಸ್ಐ ಏರಿದಾಗ ನೀರು ಉಲ್ಟಾ ಹಾಯಿಸಿ ಮರಳು ತೊಳೀಬೇಕು. ಆ ಲೆಕ್ಕ ಬರೆದಿಟ್ಟ ಪುಸ್ತಕ ತೋರಿಸ್ಲಿ. ಆಮೇಲೆ ಚೀಟಿಯ ಮಾತು.