ಮೀನಿನ ಪೀಡಾ ಯಾರು ತೊಗೋಬೇಕು?

ಮೊನ್ನೆ ನಮ್ಮ ನಾದಿನಿ ಫೋನ್ ಮಾಡಿದ್ಲು. "ವೈನಿ, ವಾಸ್ತುಶಾಂತಿಗೆ ಆಹೇರಿ ಬಂದಿದ್ವಲ್ಲ, ಆ ಮೀನು ಎರಡೂ ಹೋದ್ವು. ಮನೀ ಪೀಡಾ ತೊಗೊಂಡು ಹೋದ್ವು, ಛಲೋನ ಆತು ಅಂತಾರ ನಮ್ಮ ಅತ್ತಿಯವರು" ಅಂದ್ಲು. ನಾ ಫೋನ್‌ನ್ಯಾಗ ಹೂಂ ಅಂದೆ, ಇಟ್ಟ ಮ್ಯಾಲೆ ಸಿಟ್ಟು ತಡೀಲಿಲ್ಲ. ಹೊಸಾ ಮನಿ, ಒಳಗ ಹೋಗಿ ಹದಿನೈದು ದಿವಸ ಆಗಿಲ್ಲ. ಅಷ್ಟರಾಗ ಪೀಡಾ ಎಲ್ಲಿಂದ ಬಂತು? ಪೀಡಾ ಇದ್ದದ್ದು ಮನ್ಯಾಗ ಅಲ್ಲ, ಆ ಗುಂಡಾನ ಗಾಜಿನ ಬೋಗುಣಿಯೊಳಗ.

ನಾನೇನು ಶಾಣ್ಯಾಕಿ ಅಂತ ಹೇಳಾಕತ್ತಿಲ್ಲ. ನಾನೂ ಇದ ಪಾಪ ಮಾಡೇನಿ. ಮೂರು ವರ್ಷದ ಹಿಂದ ಪಡಸಾಲಿಗೆ ಛಂದ ಕಾಣಸ್ತದ ಅಂತ ಟ್ಯಾಂಕ್ ತಂದೆ. ಗುಲಾಬಿ ಹರಳು, ಪ್ಲಾಸ್ಟಿಕ್ ಗಿಡ, ಬಾಯಿ ತಗದು ಗುಳ್ಳಿ ಬಿಡೋ ಪೆಟಿಗಿ, ಎಲ್ಲಾ ತುಂಬಿದೆ. ಎಂಟು ಬಂಗಾರದ ಬಣ್ಣದ್ದು, ಒಂದು ಕರೇದು ಇದ್ರ ಶುಭ ಅಂತ ಯಾರೋ ಅಂದ್ರು, ಅವತ್ತ ಸಂಜೀಕ ಒಂಬತ್ತೂ ಗೋಲ್ಡ್‌ಫಿಶ್ ಬಿಟ್ಟೆ. ನಾಕನೇ ದಿವಸ ಒಂದು ತೇಲಿತು. ಎರಡು ವಾರಕ್ಕ ಟ್ಯಾಂಕ್ ಖಾಲಿ. ನಾನೂ ಮಗನ ಮುಂದ ಅದ ಪೀಡಾದ ಕಥಿ ಹೇಳಿದೆ. ಅಂವ ಕೇಳಿದ: "ಅಮ್ಮಾ, ನಮ್ಮ ಪೀಡಾ ಅದು ತೊಗೊಂಡ್ರ, ಅದರ ಪೀಡಾ ಯಾರು ತೊಗೊಂಡ್ರು?" ನನ್ನ ಕಡೆ ಉತ್ತರ ಇರಲಿಲ್ಲ.

ಉತ್ತರ ಆಮ್ಯಾಲೆ ತಿಳೀತು. ಮೀನಿನ ಹೊಲಸಿನಿಂದ, ಉಳದ ತಿಂಡಿಯಿಂದ ನೀರಾಗ ಅಮೋನಿಯಾ ಕೂಡ್ತದ. ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತಾವ, ಅದೂ ವಿಷ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತಾವ, ಅದು ಭಾಳ ಕೂಡಲಿಲ್ಲಂದ್ರ ಮೀನಿಗೆ ಅಷ್ಟು ತ್ರಾಸಿಲ್ಲ, ಗಿಡಕ್ಕ ಗೊಬ್ಬರ. ಈ ಬ್ಯಾಕ್ಟೀರಿಯಾ ಬೆಳೀಲಿಕ್ಕೆ 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಮುಂಜಾನಿ ತನಕಾ ಕಾಯೋ ನಾವು, ಮೀನಿನ ನೀರಿಗೆ ಒಂದು ತಾಸೂ ಕಾಯಂಗಿಲ್ಲ!

ನನ್ನ ಜಗಳ ಅಂಗಡಿಯವರ ಜೋಡಿ ಅಲ್ಲ, ನಮ್ಮ ಜೋಡೀನ. ನಾವು ಟ್ಯಾಂಕನ್ನ ಶೋಕೇಸ್ ಅಂತ ತಿಳ್ಕೊಂಡೇವಿ. ನವರಾತ್ರಿ ಗೊಂಬಿ ಹಂಗ ಜಾಗಾ ಸಿಕ್ಕಲ್ಲೆ ಒಂದೊಂದು ಇಡ್ತೀವಿ. ಗೊಂಬಿ ಉಸಿರಾಡಂಗಿಲ್ಲ, ಮೀನು ಉಸಿರಾಡ್ತದ. ಮೀನಿಗೆ ಅನುಕೂಲ ಆಗೋ ಹಂಗ ಜೋಡಿಸಿದ್ರ ನೋಡೋ ಕಣ್ಣಿಗೂ ಅದ ಛಂದ ಕಾಣ್ತದ. ಜಪಾನಿನ ತಕಾಶಿ ಅಮಾನೋ ಅನ್ನೋ ಫೋಟೋಗ್ರಾಫರ್, 2015ರಾಗ ತೀರಿಕೊಂಡ್ರು, ಕಾಡು ಹೊಳಿ ನೋಡಿ ಗಾಜಿನೊಳಗ ಕಲ್ಲು, ಕಟ್ಟಿಗಿ, ಗಿಡ ಇಷ್ಟ ಇಟ್ಟು ಜಗತ್ತಿಗೆ ಹೊಸಾ ದಾರಿ ತೋರಿಸಿದ್ರು. ಅವರ ಟ್ಯಾಂಕಿನ್ಯಾಗ ಬಾಯಿ ತಗಿಯೋ ಪೆಟಿಗಿ ಇರಲಿಲ್ಲ.

ಹೊಸದಾಗಿ ಮಾಡೋರು ಎರಡು ಫೂಟು ಉದ್ದ, ಒಂದು ಫೂಟು ಅಗಲ, ಒಂದು ಫೂಟು ಎತ್ತರದ್ದು ತೊಗೋರಿ. ಸುಮಾರು 54 ಲೀಟರ್ ಹಿಡೀತದ, ಅಂದ್ರ ನೀರಿಂದ 54 ಕಿಲೋ ಭಾರ, ಟೇಬಲ್ ಗಟ್ಟಿ ಇರ್ಲಿ. ಬಿಸಲು ಬೀಳೋ ಕಿಡಕಿ ಬಾಜೂಕ ಇಟ್ರ ಪಾಚಿ ಕಟ್ತದ. ಉಸುಕನ್ನ ಅಕ್ಕಿ ತೊಳದಂಗ ನೀರು ತಿಳಿ ಆಗೋತನಕಾ ತೊಳೀರಿ. ಮುಂದ ಒಂದು ಇಂಚು, ಹಿಂದ ಮೂರು ಇಂಚು ಏರಿಸಿದ್ರ ಟ್ಯಾಂಕ್ ಆಳ ಕಾಣ್ತದ. ಮೂರೋ ಐದೋ ಕಲ್ಲು ಸಾಕು. ದೊಡ್ಡದನ್ನ ನಟ್ಟನಡುವ ದೇವರ ಹಂಗ ಕೂಡಸಬ್ಯಾಡ್ರಿ, ಒಂದು ಬಾಜೂಕ ಸರಿಸ್ರಿ, ಉಳಿದವು ಅದರ ಕಡೆ ವಾಲಿರ್ಲಿ. ಕಲ್ಲಿನ ಮ್ಯಾಲೆ ಲಿಂಬಿರಸ ಹಾಕಿ ನೋಡ್ರಿ, ನೊರಿ ಬಂದ್ರ ಸುಣ್ಣದ ಕಲ್ಲು, ನೀರು ಗಡಸು ಮಾಡ್ತದ, ಬ್ಯಾಡ.

ಹಿಂದ ಉದ್ದ ಎಲಿಯ ವ್ಯಾಲಿಸ್ನೇರಿಯಾ ಹಚ್ಚರಿ. ಜಾವಾ ಫರ್ನ್, ಅನೂಬಿಯಾಸ್ ಕಡಿಮಿ ಬೆಳಕಿನ್ಯಾಗೂ ಬದುಕ್ತಾವ, ಆದ್ರ ಅವುಗಳ ಅರಿಷಿಣ ಕೊಂಬಿನಂಥ ಗಡ್ಡಿ ಉಸುಕಿನ್ಯಾಗ ಹುಗದ್ರ ಕೊಳೀತದ, ದಾರದಿಂದ ಕಲ್ಲಿಗೆ ಕಟ್ರಿ. ಮುಂದಿನ ಜಾಗಾ ಖಾಲಿ ಬಿಡ್ರಿ. ಅಂಗಳದ ರಂಗೋಲಿ ಛಂದ ಕಾಣೋದು ಸುತ್ತಲ ನೆಲ ಖಾಲಿ ಇದ್ದದ್ದಕ್ಕ ಅಲ್ಲೇನು? ಆ ಖಾಲಿ ಜಾಗಾನ ಮೀನಿನ ಅಂಗಳ. ನೀರನ್ನ ಒಂದು ತಾಟಿನ ಮ್ಯಾಲೆ ಸಾವಕಾಶ ಸುರವ್ರಿ, ಉಸುಕು ಕದಡಂಗಿಲ್ಲ. ನಳದ ನೀರಿಗೆ ಕ್ಲೋರಿನ್ ತಗಿಯೋ ಔಷಧ ಹಾಕಬೇಕು.

ಆಮ್ಯಾಲೆ ಫಿಲ್ಟರ್ ಹಚ್ಚಿ, ದಿನಾ ಚಿಟಿಕಿ ಮೀನಿನ ತಿಂಡಿ ಹಾಕಿ ಕಾಯ್ರಿ. ಲೈಟು ದಿನಕ್ಕ 6ರಿಂದ 8 ತಾಸು ಸಾಕು. ಟೆಸ್ಟ್ ಕಿಟ್‌ನ್ಯಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿ ಬಂದ ಮ್ಯಾಲೆ ಮೂರು ಗಂಡು ಗಪ್ಪಿ ಬಿಡ್ರಿ, ಎರಡು ವಾರದ ಮ್ಯಾಲೆ ಮತ್ತ ಮೂರು. ನಮ್ಮ ಬೋರಿನ ಗಡಸು ನೀರು ಗಪ್ಪಿಗೆ ಒಗ್ತದ. ಗೋಲ್ಡ್‌ಫಿಶ್ ಗೇಣುದ್ದ ಬೆಳೀತದ, ಹೊಲಸೂ ಹಂಗ, ಗಿಡಾನೂ ಕಿತ್ತು ಹಾಕ್ತದ, ಇಷ್ಟು ಟ್ಯಾಂಕಿಗೆ ಅದು ಬ್ಯಾಡ. ವಾರಕ್ಕ ಕಾಲು ಪಾಲು ನೀರು ಬದಲಸ್ರಿ. ಫಿಲ್ಟರಿನ ಸ್ಪಂಜನ್ನ ಆ ತಗದ ನೀರಾಗ ಹಿಂಡ್ರಿ, ನಳದ ಕೆಳಗ ಹಿಡದ್ರ ಹೆಪ್ಪು ಸಾಯ್ತದ.

"ಇಪ್ಪತ್ತು ರೂಪಾಯಿ ಮೀನಿಗೆ ಇಷ್ಟು ಉಪದ್ವ್ಯಾಪ ಯಾಕವಾ?" ಅಂತೀರಿ. ಅಷ್ಟು ಪುರಸೊತ್ತಿಲ್ಲಂದ್ರ ತುಳಸಿ ಹಚ್ಚರಿ, ಯಾರೂ ಏನೂ ಅನ್ನಂಗಿಲ್ಲ. ಆದ್ರ ಮನೀಗೆ ಜೀವ ಕರಕೊಂಡು ಬಂದು, ನಮ್ಮ ಅವಸರಕ್ಕ ಅದನ್ನ ಕೊಂದು, ಮ್ಯಾಲೆ ಅದಕ್ಕ ಪುಣ್ಯದ ಮಾತು ಹಚ್ಚಬ್ಯಾಡ್ರಿ. ಸಣ್ಣ ಹುಡುಗರು ಕೇಳಸ್ಕೋತಿರ್ತಾವ. ಮುಂದಿನ ವಾಸ್ತುಶಾಂತಿಗೆ ಬೋಗುಣಿ ಮೀನು ಆಹೇರಿ ಒಯ್ಯಬ್ಯಾಡ್ರಿ, ಸ್ಟೀಲಿನ ಡಬ್ಬಿ ಒಯ್ರಿ, ದಾಳಿ ತುಂಬಿಡಲಿಕ್ಕಾದ್ರೂ ಬರ್ತದ.

ನಾದಿನಿಗೆ ಮರುದಿವಸ ನಾನ ಫೋನ್ ಮಾಡಿದೆ. ಈಗ ನಮ್ಮ ಟ್ಯಾಂಕಿಗೆ ಎರಡು ವರ್ಷ, ಗಪ್ಪಿ ಆರಾಮ ಅವ. ಫಿಲ್ಟರಿನೊಳಗ ಹೆಪ್ಪು ತಯಾರದ, ಸ್ಪಂಜಿನ ತುಂಡು ಕೊಡ್ತೇನಿ ಅಂದೇನಿ. ನಿಮಗೂ ಬೇಕಂದ್ರ ಬಟ್ಟಲ ತೊಗೊಂಡು ಬರ್ರಿ. ಮಸರಿಗೆ ಬರ್ತೀರಲ್ಲ, ಹಂಗ.