ಸ್ಯಾಂಕಿ ರಸ್ತೆ: ಸೇತುವೆ ಬೇಡ, ಸರಿ, ಬಸ್ಸು ಬೇಕು ಅನ್ನೋರ‍್ಯಾರು?

ಮಲ್ಲೇಶ್ವರ, ಸದಾಶಿವನಗರದ ಜನ ಜಗಳಗಂಟರೇನೂ ಅಲ್ಲ. ಬೆಳಿಗ್ಗೆ ಎದ್ದು ಸ್ಯಾಂಕಿ ಕೆರೆಗೆ ಎರಡು ಸುತ್ತು, ಆಮೇಲೆ ಕಾಫಿ, ಪೇಪರು. ಅಂಥವರು 2023ರ ಫೆಬ್ರವರಿಯಲ್ಲಿ ಮಕ್ಕಳು ಮರಿ ಸಮೇತ ಬೀದಿಗಿಳಿದರು.

ಕಾರಣ ಇಷ್ಟೇ. ಭಾಷ್ಯಂ ವೃತ್ತದ ಕಡೆಯಿಂದ ಮಲ್ಲೇಶ್ವರ 18ನೇ ಕ್ರಾಸ್ ಕಡೆಗೆ ಮೇಲ್ಸೇತುವೆ ಕಟ್ಟಿ, ಕೆರೆ ಪಕ್ಕದ ರಸ್ತೆಯನ್ನು ಅಗಲ ಮಾಡಲು ಆಗಿನ ಮಹಾನಗರ ಪಾಲಿಕೆ ಹೊರಟಿತ್ತು. ವೆಚ್ಚ ಸುಮಾರು 60 ಕೋಟಿ ರೂಪಾಯಿ. ರಸ್ತೆಯುದ್ದಕ್ಕೂ ನೆರಳು ಕೊಟ್ಟ ಮರಗಳಿಗೆ ಕೊಡಲಿ ಏಟು ಖಾತ್ರಿ. 1882ರಲ್ಲಿ ರಿಚರ್ಡ್ ಸ್ಯಾಂಕಿ ಎಂಬ ಇಂಜಿನಿಯರ್ ಕಟ್ಟಿಸಿದ ಕೆರೆಯ ಮಗ್ಗುಲಲ್ಲೇ ಈ ಗಲಾಟೆ. ಹೀಗೇಕೆ ಎಂದು ಕೇಳಿದವರಿಗೆ ಸಿಕ್ಕಿದ್ದು ಉತ್ತರವಲ್ಲ, ಪೊಲೀಸ್ ಮೊಕದ್ದಮೆ! ಆದರೂ ಜನ ಜಗ್ಗಲಿಲ್ಲ. ಕೊನೆಗೆ ಕಾಮಗಾರಿಯನ್ನು ತಡೆಹಿಡಿಯಬೇಕಾಯಿತು.

ಇದು ಮೊದಲ ಸಲವೇನಲ್ಲ. 2011ರಲ್ಲೂ ಇದೇ ರಸ್ತೆ ಅಗಲೀಕರಣಕ್ಕೆ ಮರ ಉರುಳಿದ್ದವು, ವಿಷಯ ಹೈಕೋರ್ಟ್ ಮೆಟ್ಟಿಲೇರಿತ್ತು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಎಂದಾಗ 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಕೈಕೈ ಹಿಡಿದು ಸಾಲಾಗಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರವೇ ಆ ಯೋಜನೆ ಕೈಬಿಟ್ಟಿತು.

ಇಷ್ಟಾದರೂ 18ನೇ ಕ್ರಾಸ್ ಬಸ್ ಸ್ಟಾಪಿನಲ್ಲಿ ನಿಂತವನ ಗೊಣಗಾಟ ಬೇರೆ. "ಇವರಿಗೆ ವಾಕಿಂಗ್ ಚಿಂತೆ, ನಮಗೆ ಕೆಲಸಕ್ಕೆ ಹೋಗೋ ಚಿಂತೆ. ರಸ್ತೆ ಏನು ಇವರಪ್ಪನ ಆಸ್ತೀನಾ?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋಯಿತು. ಅಂದಿನಿಂದ ಯಶವಂತಪುರ, ರಾಜಾಜಿನಗರದ ಕಡೆಯ ವಾಹನಗಳಿಗೆ ಮೇಖ್ರಿ ವೃತ್ತ, ಹೆಬ್ಬಾಳ ಸೇರಲು ಈ ರಸ್ತೆಯೂ ಒಂದು ದಾರಿಯಾಯಿತು. ಹೊಟ್ಟೆಪಾಡಿಗೆ ಓಡಾಡುವವರನ್ನು ನಮ್ಮ ಬೀದಿಗೆ ಬರಬೇಡಿ ಎಂದರೆ ಅವರು ಹೋಗುವುದಾದರೂ ಎಲ್ಲಿಗೆ? ಪಕ್ಕದ ಬೀದಿಗೆ. ಅಲ್ಲೂ ಮನೆಗಳಿವೆ, ಮಕ್ಕಳಿದ್ದಾರೆ.

ಹಾಗಾದರೆ ಸೇತುವೆ ಕಟ್ಟಬೇಕಿತ್ತೇ? ಅದೂ ಅಲ್ಲ. ಹೆಬ್ಬಾಳವನ್ನೇ ನೋಡಿ. 2003ರಲ್ಲಿ ಮೇಲ್ಸೇತುವೆ ಬಂತು. ಇನ್ನು ಮೇಲೆ ಸಲೀಸು ಅಂದರು. ಆಗಿದ್ದೇನು? ದಾರಿ ಸುಲಭವಾಯಿತೆಂದು ಇನ್ನಷ್ಟು ಕಾರುಗಳು ಬಂದವು. 2025ರಲ್ಲಿ ಅದೇ ಸೇತುವೆಗೆ ಹೊಸ ಲೂಪ್ ಜೋಡಿಸಬೇಕಾಯಿತು. ರಸ್ತೆ ಅಗಲವಾದಷ್ಟೂ ಗಾಡಿ ಹೆಚ್ಚುತ್ತದೆ. ಸ್ಯಾಂಕಿ ರಸ್ತೆಯಲ್ಲಿ ಸೇತುವೆ ಎದ್ದಿದ್ದರೆ ಭಾಷ್ಯಂ ವೃತ್ತದ ಜಾಮ್ ಕರಗುತ್ತಿರಲಿಲ್ಲ, ಹಾರಿಬಂದು 18ನೇ ಕ್ರಾಸಿನಲ್ಲಿ ಕೂರುತ್ತಿತ್ತು. ಆ ಬಸ್ಸಿನವನು ಆಗಲೂ ಅಲ್ಲೇ ನಿಂತಿರುತ್ತಿದ್ದ.

ಲೆಕ್ಕ ಕಷ್ಟದ್ದಲ್ಲ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಆಗಿದೆ. ಬಿಎಂಟಿಸಿ ಬಸ್ಸುಗಳು ಆರೇಳು ಸಾವಿರ. ಇಷ್ಟೇ ಬಸ್ಸು ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣಿಕರನ್ನು ಹೊರುತ್ತವೆ. ಒಬ್ಬೊಬ್ಬರೇ ಕೂತ ಎರಡು ಕಾರು ನಿಲ್ಲುವ ಜಾಗದಲ್ಲಿ ಐವತ್ತು ಜನರ ಬಸ್ಸು ಹಿಡಿಯುತ್ತದೆ. ಆದರೆ ಆ ಎರಡು ಕಾರಿಗಾಗಿ ಕೋಟಿಗಟ್ಟಲೆ, ಬಸ್ಸಿಗೆ ಮಾತ್ರ ಕಾಯುವ ಶಿಕ್ಷೆ. ಯಾವ ನ್ಯಾಯ ಸ್ವಾಮಿ ಇದು?

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 2019ರ ಅಕ್ಟೋಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿವರೆಗೆ ಬಸ್ಸಿಗೇ ಒಂದು ದಾರಿ ಬಿಟ್ಟುಕೊಟ್ಟರು. ಬಸ್ಸುಗಳು ಬೇಗ ಮುಟ್ಟತೊಡಗಿದವು. ಆಮೇಲೆ ಕೊರೊನಾ ಬಂತು, ಮೆಟ್ರೋ ಕಾಮಗಾರಿ ಬಂತು, ಬಸ್ಸಿನ ದಾರಿ ಮಾಯವಾಯಿತು.

ವ್ಯಾಪಾರಿಗಳೂ ಒಂದು ಮಾತು ಯೋಚಿಸಬೇಕು. ಗಾಡಿ ಜಾಸ್ತಿ ಬಂದರೆ ವ್ಯಾಪಾರ ಜಾಸ್ತಿ ಎಂಬ ಭ್ರಮೆ ಕೆಲವರಿಗಿದೆ. ಮೇಲ್ಸೇತುವೆ ಮೇಲೆ ಭರ್ರನೆ ಹೋಗುವ ಕಾರಿನವನು ಇಳಿದು ಬಂದು ಕೊತ್ತಂಬರಿ ಸೊಪ್ಪು ಕೊಳ್ಳುತ್ತಾನೆಯೇ? 8ನೇ ಕ್ರಾಸಿನ ಅಂಗಡಿ ಸಾಲು ಬದುಕಿರುವುದು ಬಸ್ಸು, ಮೆಟ್ರೋ ಇಳಿದು ನಡೆದು ಬರುವ ಗಿರಾಕಿಯಿಂದ. ಅವನು ನಡೆಯುವ ಫುಟ್‌ಪಾತೇ ಹೋದರೆ ಗಲ್ಲಾ ಪೆಟ್ಟಿಗೆಯೂ ಖಾಲಿ.

ಇನ್ನು ಬಡಾವಣೆಯವರ ಕಡೆಗೆ ಬಂದರೆ, ಮರ ಉಳಿಸಿದ್ದಕ್ಕೆ ಅವರಿಗೆ ಶಹಭಾಸ್ ಎನ್ನಲೇಬೇಕು. ಆದರೆ ಎಷ್ಟೋ ಮನೆಗಳ ಮುಂದೆ ಎರಡೆರಡು ಕಾರು ನಿಂತಿರುತ್ತವೆ. ಆ ಕಾರುಗಳೂ ಬೆಳಿಗ್ಗೆ ಒಂಬತ್ತಕ್ಕೆ ಇನ್ಯಾರದೋ ಬಡಾವಣೆ ಹಾದು ಹೋಗುತ್ತವೆ. ಅಲ್ಲಿನವರ ಪಾಲಿಗೆ ಇವರೇ ಟ್ರಾಫಿಕ್ಕು!

ಸೇತುವೆ ಬೇಡವೆಂದು ಬೀದಿಗಿಳಿದ ಅದೇ ಜನ ಇನ್ನೊಂದು ಸಲ ಇಳಿಯಲಿ. ಈ ಸಲ ಫಲಕದ ಮೇಲೆ ಬರೆಯಬೇಕಾದ್ದು ಮೂರೇ ಬೇಡಿಕೆ: ಹೆಬ್ಬಾಳದ ಕಡೆಗೆ ಹತ್ತು ನಿಮಿಷಕ್ಕೊಂದು ಬಸ್ಸು, ಜನಜಂಗುಳಿಯ ಹೊತ್ತಿನಲ್ಲಿ ಆ ಬಸ್ಸಿಗೆ ಬಿಟ್ಟ ದಾರಿ, ಎಡವದೆ ನಡೆಯಲು ಫುಟ್‌ಪಾತು. ಆಗ ಬಸ್ ಸ್ಟಾಪಿನಲ್ಲಿ ಗೊಣಗುತ್ತಿದ್ದವನೂ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಅವನೂ ಇವರೂ ಒಟ್ಟಾಗಿ ಕೇಳಿದರೆ ಇಲ್ಲ ಎನ್ನುವ ಧೈರ್ಯ ಯಾವ ಅಧಿಕಾರಿಗಿದೆ, ಯಾವ ಮಂತ್ರಿಗಿದೆ?